ಗಿಲ್ಡ್ ವಾರ್ಸ್ ಬಿಲ್ಡ್‌ಗಳನ್ನು ಬಹುಮತದಿಂದ ತೆಗೆದುಹಾಕುವುದು ಸರಿಯೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅರೀನಾನೆಟ್ ಸಂಸ್ಥೆ ರೂಪಿಸಿ 2005ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಮೊದಲ ಗಿಲ್ಡ್ ವಾರ್ಸ್ ಎಂಬ ಆನ್‌ಲೈನ್ ಆಟವನ್ನು ಈಗಲೂ ಬಿಡದೆ ಆಡುತ್ತಿರುವ ಪುಟ್ಟ ಬಳಗ ನಮ್ಮದು. ಕೆಲವರು ಬೆಂಗಳೂರು, ಶಿವಮೊಗ್ಗಗಳಲ್ಲಿದ್ದೇವೆ, ಕೆಲವರು ಹೊರದೇಶಗಳಲ್ಲಿದ್ದಾರೆ. ನಾವು ಕಟ್ಟಿದ, ಬೇರೆಯವರಿಂದ ಕಲಿತು ತಿದ್ದಿದ ಬಿಲ್ಡ್‌ಗಳನ್ನೆಲ್ಲ (ಪಾತ್ರವೊಂದಕ್ಕೆ ಆರಿಸಿದ ಸ್ಕಿಲ್‌ಗಳ ಜೋಡಣೆಗಳನ್ನು) ಒಂದು ಹಂಚಿಕೆಯ ಕಡತದಲ್ಲಿ ಕನ್ನಡದ ಟಿಪ್ಪಣಿಯೊಂದಿಗೆ ಸೇರಿಸುತ್ತಾ ಬಂದಿದ್ದೇವೆ. ಪ್ರತಿ ಬಿಲ್ಡ್‌ಗೆ ಒಂದು ಪುಟವಿದ್ದು, ಎಂಟು ಸ್ಕಿಲ್‌ಗಳ ಸಾಲು, ಆಟ್ರಿಬ್ಯೂಟ್ ಅಂಕಗಳ (ಸ್ಕಿಲ್‌ಗಳ ಬಲ ಹೆಚ್ಚಿಸುವ ಅಂಕಗಳ) ಹಂಚಿಕೆ, ಜೋಡಣೆಯನ್ನು ಆಟಕ್ಕೆ ನೇರವಾಗಿ ತುಂಬುವ ಟೆಂಪ್ಲೇಟ್ ಕೋಡ್, ಬಳಸುವ ಕ್ರಮ ಎಲ್ಲವೂ ಅದರಲ್ಲಿರುತ್ತವೆ.

ಈ ಆಟ ಆಡದವರಿಗಾಗಿ ಎರಡು ಮಾತು. ಗಿಲ್ಡ್ ವಾರ್ಸ್‌ನಲ್ಲಿ ಪಾತ್ರದ ಲೆವೆಲ್ 20ಕ್ಕೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಆಟಗಾರನ ಶಕ್ತಿಯೆಲ್ಲ ಬಿಲ್ಡ್‌ನಲ್ಲಿಯೇ ಇರುತ್ತದೆ. ವಾರಿಯರ್, ಮಾಂಕ್, ಮೆಸ್ಮರ್‌ನಂಥ ಹತ್ತು ಪ್ರೊಫೆಷನ್‌ಗಳಲ್ಲಿ ಒಂದು ಮುಖ್ಯವಾಗಿ, ಇನ್ನೊಂದು ಜೊತೆಯದಾಗಿ ಇರುತ್ತದೆ. ಸಾವಿರಕ್ಕೂ ಹೆಚ್ಚು ಸ್ಕಿಲ್‌ಗಳಿದ್ದರೂ ಪಟ್ಟಣದಿಂದ ಹೊರಡುವಾಗ ಎಂಟನ್ನು ಮಾತ್ರ ಒಯ್ಯಬಹುದು, ಅವುಗಳಲ್ಲಿ ಒಂದೇ ಒಂದು ಎಲೀಟ್ (ವಿಶೇಷ ಬಲದ ಸ್ಕಿಲ್) ಆಗಿರಬಹುದು, ಮತ್ತು ಹೊರಗೆ ಕಾಲಿಟ್ಟ ಮೇಲೆ ಬದಲಾಯಿಸುವಂತಿಲ್ಲ. ಹೀಗಾಗಿ ಒಳ್ಳೆಯ ಬಿಲ್ಡ್ ಯಾವುದು ಎಂಬ ಚರ್ಚೆ ಈ ಆಟದಷ್ಟೇ ಹಳೆಯದು.

ಕಡತ ಈಗ ಬಹಳ ಬೆಳೆದಿದೆ. ಹೊಸದಾಗಿ ಸೇರಿದವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಗೊಂದಲಕ್ಕೆ ಬೀಳುತ್ತಿದ್ದಾರೆ. ಆದ್ದರಿಂದ ಬಳಗದಲ್ಲಿ ಒಬ್ಬರು ಸಲಹೆಯೊಂದನ್ನು ಮುಂದಿಟ್ಟರು: ಪ್ರತಿ ಪುಟಕ್ಕೂ ಎಲ್ಲರೂ ‘ಇರಲಿ’ ಅಥವಾ ‘ಬೇಡ’ ಎಂದು ಮತ ಹಾಕಬೇಕು, ‘ಬೇಡ’ ಹೆಚ್ಚಾದರೆ ಆ ಪುಟವನ್ನು ಅಳಿಸಬೇಕು. ಮೊದಲ ಸುತ್ತಿನಲ್ಲಿಯೇ 55 ಮಾಂಕ್ (ಹೆಲ್ತ್ ಅನ್ನು ಬೇಕೆಂದೇ 55ಕ್ಕೆ ಇಳಿಸಿಕೊಂಡ ಮಾಂಕ್) ಬಿಲ್ಡ್‌ನ ಪುಟಕ್ಕೆ ‘ಬೇಡ’ ಎಂಬ ಮತಗಳೇ ಹೆಚ್ಚು ಬಂದವು. ಕಾರಣ ಕೇಳಿದಾಗ ಒಬ್ಬರು ಇಷ್ಟು ಕಡಿಮೆ ಹೆಲ್ತ್ ಇಟ್ಟುಕೊಂಡು ಯಾವ ಮಿಷನ್ ಮುಗಿಸಲು ಸಾಧ್ಯ ಎಂದರು, ಇನ್ನೊಬ್ಬರು ಕೋಡ್ ಹಾಕಿ ನೋಡಿದೆ, ಪುಟದಲ್ಲಿ ಹೇಳಿದಂತೆ ನಡೆಯಲಿಲ್ಲ ಎಂದರು, ಉಳಿದವರು ಕಾರಣವನ್ನೇ ಕೊಡಲಿಲ್ಲ. ಆ ಪುಟವನ್ನು ಬರೆದವರು ಬಹಳ ನೊಂದುಕೊಂಡಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಆಟಗಾರರೇ ಕಟ್ಟಿದ ಬಿಲ್ಡ್‌ಗಳನ್ನು ಉಳಿಸುವುದೋ ತೆಗೆಯುವುದೋ ಎಂಬುದನ್ನು ಮತಕ್ಕೆ ಹಾಕುವುದು ಸರಿಯಾದ ಕ್ರಮವೇ? ಸರಿ ಎನ್ನುವುದಾದರೆ ಯಾವುದರ ಮೇಲೆ ಮತ ಕೇಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಘಟಪ್ರಭಾ:

ತುಂಗಾತೀರ ಅವರೇ, ನೀವು ಎತ್ತಿರುವ ಪ್ರಶ್ನೆಯನ್ನು ಈ ಆಟದ ಸಮುದಾಯ ಹದಿನೆಂಟು ವರ್ಷಗಳಿಗೂ ಹಿಂದೆಯೇ ಬಹಳ ಕಷ್ಟಪಟ್ಟು ಎದುರಿಸಿದೆ. ಅಲ್ಲಿ ನಡೆದದ್ದನ್ನು ತಿಳಿದುಕೊಂಡರೆ ನಿಮ್ಮ ಬಳಗದ ಜಗಳ ಅರ್ಧ ಬಗೆಹರಿದಂತೆಯೇ.

ಆರಂಭದ ವರ್ಷಗಳಲ್ಲಿ ಆಟಗಾರರೆಲ್ಲ ಬಿಲ್ಡ್‌ಗಳನ್ನು ಬರೆದಿಡುತ್ತಿದ್ದುದು ಗಿಲ್ಡ್‌ವಿಕಿ ಎಂಬ ಆಟಗಾರರ ಜಾಲತಾಣದಲ್ಲಿ. ಅಲ್ಲಿದ್ದ ಪದ್ಧತಿ ನಿಮ್ಮ ಬಳಗದ ಸಲಹೆಗೆ ಬಹಳ ಹತ್ತಿರವಾದುದು: ಬಿಲ್ಡ್ ಒಪ್ಪಿಗೆಯೇ ಅಲ್ಲವೇ ಎಂದು ಸಹಿ ಹಾಕಿ ಮತ ಕೊಡುವುದು. ಇದರಿಂದ ಹುಟ್ಟಿದ ವಾಗ್ವಾದಗಳಿಗೆ ಕೊನೆಯೇ ಇರಲಿಲ್ಲ. ಗೆಳೆಯರು ಗೆಳೆಯರಿಗೆ ಮತ ಹಾಕಿದರು, ತಮ್ಮ ಬಿಲ್ಡ್ ಬಿದ್ದುಹೋದ ಸಿಟ್ಟಿಗೆ ಬೇರೆಯವರ ಬಿಲ್ಡ್‌ಗಳನ್ನು ಬೀಳಿಸಿದರು. ಕಡೆಗೆ 2007ರಲ್ಲಿ ಗಿಲ್ಡ್‌ವಿಕಿ ತನ್ನ ಬಿಲ್ಡ್ ವಿಭಾಗವನ್ನೇ ತೆರವು ಮಾಡಿತು, ಮತ್ತು ಬಿಲ್ಡ್‌ಗಳಿಗಾಗಿಯೇ ಪಿವಿಎಕ್ಸ್‌ವಿಕಿ ಎಂಬ ಪ್ರತ್ಯೇಕ ತಾಣ ಆರಂಭವಾಯಿತು.

ಪಿವಿಎಕ್ಸ್‌ವಿಕಿ ಮಾಡಿದ ಮುಖ್ಯ ಬದಲಾವಣೆಯೆಂದರೆ, ಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಒಡೆದು ಬೇರೆ ಬೇರೆ ಪ್ರಶ್ನೆಗಳನ್ನಾಗಿ ಮಾಡಿದ್ದು. ಬಿಲ್ಡ್ ತಾನು ಮಾಡುತ್ತೇನೆಂದು ಹೇಳಿದ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದಕ್ಕೆ ಐದರಲ್ಲಿ ಇಷ್ಟು ಅಂಕ, ಸಂದರ್ಭ ಸ್ವಲ್ಪ ಬದಲಾದರೂ ಅದು ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದಕ್ಕೆ ಐದರಲ್ಲಿ ಇಷ್ಟು ಅಂಕ. ಹೊಸತನಕ್ಕೂ ಒಂದು ಅಂಕವಿತ್ತು, ಮುಂದೆ ಅದನ್ನು ಒಟ್ಟು ಲೆಕ್ಕದಿಂದ ಕೈಬಿಟ್ಟರು. ನನಗೆ ಅದು ಬಹಳ ಸರಿ ಎನಿಸುತ್ತದೆ, ಏಕೆಂದರೆ ಯಾರೂ ಮಾಡದಿದ್ದುದನ್ನು ಮಾಡಿದ ಮಾತ್ರಕ್ಕೆ ಬಿಲ್ಡ್ ಆಟಗಾರನನ್ನು ಕಾಪಾಡುವುದಿಲ್ಲ. ಮೊದಲನೆಯ ಅಂಕಕ್ಕೇ ಹೆಚ್ಚಿನ ತೂಕ. ಸರಾಸರಿ 3.75 ಮುಟ್ಟಿದರೆ ಉತ್ತಮ, 4.75 ಮುಟ್ಟಿದರೆ ಅತ್ಯುತ್ತಮ, 3.75ಕ್ಕಿಂತ ಕೆಳಗಿದ್ದರೆ ತೆಗೆದುಹಾಕುವ ಸಾಲಿಗೆ. ಅಂಕದ ಜೊತೆಗೆ ಕಾರಣ ಬರೆಯಬೇಕಿತ್ತು, ಮತ್ತು ಬುಡವಿಲ್ಲದ ರೇಟಿಂಗ್‌ಗಳನ್ನು ತೆಗೆಯುವ ಅಧಿಕಾರ ನಿರ್ವಾಹಕರಿಗಿತ್ತು.

ಈ ಅಳತೆಯನ್ನು ನಿಮ್ಮ 55 ಮಾಂಕ್ ಪುಟಕ್ಕೆ ಹಚ್ಚಿ ನೋಡಿ. ಲೆವೆಲ್ 20ರ ಪಾತ್ರಕ್ಕೆ ಸಹಜವಾಗಿ 480 ಹೆಲ್ತ್ ಇರುತ್ತದೆ. ಕವಚಕ್ಕೆ ಹಾಕುವ ಒಂದೊಂದು ಸುಪೀರಿಯರ್ ರೂನ್ ಹಾಕಿಕೊಂಡಾಗಲೂ 75 ಕಡಿಮೆಯಾಗುತ್ತದೆ, ಐದು ಹಾಕಿದರೆ 105 ಉಳಿಯುತ್ತದೆ. ಹೆಲ್ತ್ ಅನ್ನು 50ರಷ್ಟು ಇಳಿಸುವ ಒಂದು ಆಫ್‌ಹ್ಯಾಂಡ್ (ಎಡಗೈಯಲ್ಲಿ ಹಿಡಿಯುವ) ವಸ್ತುವನ್ನು ಹಿಡಿದರೆ 55. ಬೇರೆ ಆಟಗಾರರು ಹೆದರಿ ದೂರವಿಡುವ ಈ ನಷ್ಟವನ್ನೇ ಈ ಬಿಲ್ಡ್ ಬೇಕೆಂದು ತಂದುಕೊಳ್ಳುತ್ತದೆ. ಪ್ರೊಟೆಕ್ಟಿವ್ ಸ್ಪಿರಿಟ್ ಎಂಬ ಮಂತ್ರ ಇರುವವರೆಗೆ ಯಾವುದೇ ಒಂದು ಏಟು ಗರಿಷ್ಠ ಹೆಲ್ತ್‌ನ ಶೇಕಡಾ 10ಕ್ಕಿಂತ ಹೆಚ್ಚು ಹಾನಿ ಮಾಡಲಾರದು. 480 ಇದ್ದಾಗ ಆ ಮಿತಿ 48, 55 ಇದ್ದಾಗ ಬರೀ 5. ಹೀಲಿಂಗ್ ಬ್ರೀಜ್‌ನಂಥ ಮಂತ್ರದಿಂದ ಬರುವ ಪ್ರತಿ ಪಿಪ್ (ತುಂಬುವ ವೇಗದ ಅಳತೆ) ಸೆಕೆಂಡಿಗೆ 2 ಹೆಲ್ತ್ ತುಂಬುತ್ತಾ ಹೋದರೆ, ದೈತ್ಯನೊಬ್ಬ ಬಂದು ಗದೆಯಿಂದ ಬಡಿದರೂ ಮಾಂಕ್ ನಿಂತಲ್ಲೇ ನಿಂತಿರುತ್ತಾನೆ. ಅದೇ ಶತ್ರುಗಳಲ್ಲಿ ಒಬ್ಬನಾದರೂ ಎನ್‌ಚಾಂಟ್‌ಮೆಂಟ್ (ಪ್ರೊಟೆಕ್ಟಿವ್ ಸ್ಪಿರಿಟ್‌ನಂತೆ ಮೈಮೇಲೆ ಉಳಿಯುವ ಮಂತ್ರ) ಕಿತ್ತುಹಾಕುವವನಿದ್ದರೆ, ಮುಂದಿನ ಏಟಿಗೇ ಕಥೆ ಮುಗಿಯುತ್ತದೆ.

ಅಂದರೆ, ಆಯ್ದ ಜಾಗದಲ್ಲಿ ಒಬ್ಬಂಟಿಯಾಗಿ ಶತ್ರುಗಳನ್ನು ಕೊಂದು ವಸ್ತು ಸಂಗ್ರಹಿಸುವುದೇ ಈ ಬಿಲ್ಡ್‌ನ ಉದ್ದೇಶವಾದ್ದರಿಂದ ಮೊದಲ ಅಂಕದಲ್ಲಿ ಅದಕ್ಕೆ ಪೂರ್ತಿ ಐದಕ್ಕೆ ಐದು ಕೊಟ್ಟರೂ ತಪ್ಪಾಗದು, ಎರಡನೆಯದರಲ್ಲಿ ಸೊನ್ನೆಯ ಸಮೀಪ ಕೊಟ್ಟರೂ ತಪ್ಪಾಗದು. ಯಾವ ಮಿಷನ್ ಮುಗಿಸಲು ಸಾಧ್ಯ ಎಂದು ಕೇಳಿದವರ ಮಾತು ಸುಳ್ಳಲ್ಲ, ಆದರೆ ಅದು ಆ ಬಿಲ್ಡ್‌ಗೆ ಕೇಳಬೇಕಾದ ಪ್ರಶ್ನೆಯೇ ಅಲ್ಲ. ನಿಮ್ಮ ಮತಪತ್ರದಲ್ಲಿ ಇದ್ದುದು ಒಂದೇ ಖಾನೆಯಾದ್ದರಿಂದ ಅವರಿಗೆ ಇದನ್ನು ಬೇರ್ಪಡಿಸಿ ಹೇಳಲು ಅವಕಾಶವೇ ಇರಲಿಲ್ಲ.

ಕೋಡ್ ಹಾಕಿ ನೋಡಿದವರ ವಿಷಯದಲ್ಲಿ ನನ್ನ ಅನುಮಾನ ಬೇರೆ. ಸ್ಕಿಲ್ ಟೆಂಪ್ಲೇಟ್ ಕೋಡ್‌ನಲ್ಲಿ ಪ್ರೊಫೆಷನ್, ಆಟ್ರಿಬ್ಯೂಟ್, ಎಂಟು ಸ್ಕಿಲ್ ಇಷ್ಟೇ ಅಡಗಿರುತ್ತವೆ. ರೂನ್‌ಗಳಾಗಲಿ ಕೈಯಲ್ಲಿ ಹಿಡಿದ ವಸ್ತುವಾಗಲಿ ಅದರಲ್ಲಿ ಬರುವುದಿಲ್ಲ. ಅವರು 480 ಹೆಲ್ತ್ ಇಟ್ಟುಕೊಂಡೇ 55 ಮಾಂಕ್ ಪರೀಕ್ಷೆ ಮಾಡಿರಬಹುದು. ದಯವಿಟ್ಟು ಕೇಳಿ ನೋಡಿ.

ನೇತ್ರಾವತಿ:

ಘಟಪ್ರಭಾ ಅವರ ವಿವರಣೆ ಬಹಳ ಉಪಯುಕ್ತವಾಗಿದೆ. ಆದರೂ ತೆಗೆದುಹಾಕುವುದರ ಪರವಾಗಿ ನಾನು ಗಟ್ಟಿಯಾಗಿ ಮಾತನಾಡಬೇಕಾಗಿದೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಬರೆದವರ ನೋವು ಕಾಣುವಷ್ಟು ಸುಲಭವಾಗಿ ಓದಿ ನಂಬಿದವರ ನಷ್ಟ ಕಾಣುವುದಿಲ್ಲ.

ಮೆಂಡಿಂಗ್ ಎಂಬ ಹೆಲ್ತ್ ತುಂಬುವ ಮಂತ್ರ ಹಾಕಿಕೊಂಡ ವಾರಿಯರ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. ವಾರಿಯರ್ ಮುಖ್ಯ, ಮಾಂಕ್ ಜೊತೆಯದು, ಮೈಮೇಲೆ ಸದಾ ಮೆಂಡಿಂಗ್. ಹೊಸಬರಿಗೆ ಇದಕ್ಕಿಂತ ಜಾಣತನದ ಜೋಡಣೆ ಇನ್ನಿಲ್ಲ ಎನಿಸುತ್ತದೆ: ಕತ್ತಿಯೂ ಇದೆ, ತನ್ನಷ್ಟಕ್ಕೆ ತಾನೇ ಗಾಯ ಮಾಯುವ ಮಂತ್ರವೂ ಇದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ. ವಾರಿಯರ್‌ಗೆ ಸಹಜವಾಗಿ ಸಿಗುವ ಎನರ್ಜಿ ಎರಡೇ ಪಿಪ್, ಮೆಂಡಿಂಗ್ ಅನ್ನು ಹಿಡಿದಿಟ್ಟುಕೊಳ್ಳಲು ಅದರಲ್ಲಿ ಒಂದು ಹೋಗುತ್ತದೆ. ಬದಲಿಗೆ ಬರುವುದು ಸೆಕೆಂಡಿಗೆ ನಾಲ್ಕೋ ಆರೋ ಹೆಲ್ತ್. ಎದುರಾಳಿಯ ಒಂದು ಸಾಧಾರಣ ಏಟು ಅದನ್ನು ನುಂಗಿಹಾಕುತ್ತದೆ, ಹೀಲಿಂಗ್ ಪ್ರೇಯರ್ಸ್‌ಗೆ ಸುರಿದ ಆಟ್ರಿಬ್ಯೂಟ್ ಅಂಕಗಳು ಕತ್ತಿಗೆ ಇಲ್ಲವಾಗುತ್ತವೆ, ಎಂಟರಲ್ಲಿ ಒಂದು ಸ್ಕಿಲ್ ಜಾಗವೂ ವ್ಯರ್ಥ. ಇಷ್ಟಾದರೂ ಆಟದ ಆರಂಭದ ಊರುಗಳಲ್ಲಿ ಎಲ್ಲಿ ನೋಡಿದರೂ ಇದೇ ಬಿಲ್ಡ್ ಕಾಣುತ್ತಿತ್ತು. ಬಹುಮತಕ್ಕೆ ಬಿಟ್ಟಿದ್ದರೆ ಇದು ಗೆದ್ದುಬಿಡುತ್ತಿತ್ತು ಎಂಬುದನ್ನೂ ಗಮನಿಸಿ.

ಇಂಥ ಪುಟವೊಂದು ಸಂಗ್ರಹದಲ್ಲಿ ಉಳಿದರೆ ಹೊಸಬರು ಅದನ್ನು ನಂಬಿ, ಸ್ಕಿಲ್ ಕೊಳ್ಳಲು ಚಿನ್ನ ಖರ್ಚು ಮಾಡಿ, ಎಂಟು ಜನರ ತಂಡಕ್ಕೆ ಸೇರಿ, ತಮ್ಮಿಂದಾಗಿ ತಂಡ ಸೋತಾಗ ಬೈಸಿಕೊಳ್ಳುತ್ತಾರೆ. ನಾನು ಹಾಗೆ ಆಟ ಬಿಟ್ಟವರನ್ನು ಕಂಡಿದ್ದೇನೆ. ಆದ್ದರಿಂದ ಕೆಟ್ಟ ಬಿಲ್ಡ್ ಎಂದು ತೋರಿಸಿಕೊಟ್ಟ ಮೇಲೆ ಬರೆದವರ ಮೇಲಿನ ವಿಶ್ವಾಸಕ್ಕಾಗಿ ಅದನ್ನು ಉಳಿಸಿಕೊಳ್ಳಬಾರದು. ತೋರಿಸಿಕೊಟ್ಟ ಮೇಲೆ ಎಂಬ ಮಾತಿನ ಮೇಲೆ ಒತ್ತು ಕೊಡುತ್ತೇನೆ. ಲೆಕ್ಕ ಮುಂದಿಡಿ, ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಬೇರೆ ಬಿಲ್ಡ್ ಹೆಸರಿಸಿ, ಆಮೇಲೆ ‘ಬೇಡ’ ಎನ್ನಿ.

ಸಹ್ಯಾದ್ರಿ:

ಕೆಟ್ಟ ಬಿಲ್ಡ್ ಬೇರೆ, ಕಾಲ ಮುಗಿದ ಬಿಲ್ಡ್ ಬೇರೆ. ಈ ಎರಡನ್ನೂ ಒಂದೇ ‘ಬೇಡ’ದಲ್ಲಿ ಕಟ್ಟಿಹಾಕಬಾರದು ಎಂಬುದು ನನ್ನ ಕಳಕಳಿ.

2007ರಲ್ಲಿ ಐ ಆಫ್ ದ ನಾರ್ತ್ ಎಂಬ ವಿಸ್ತರಣೆ ಬಂದಾಗ ಅದರೊಂದಿಗೆ ಉರ್ಸಾನ್ ಬ್ಲೆಸಿಂಗ್ ಎಂಬ ಎಲೀಟ್ ಸ್ಕಿಲ್ ಬಂತು. ಅದನ್ನು ಬಳಸಿದರೆ ಪಾತ್ರ ಕರಡಿಯ ಬಲ ಪಡೆಯುತ್ತಿತ್ತು, ಸ್ಕಿಲ್ ಸಾಲೇ ಬದಲಾಗಿ ಕರಡಿಯ ಏಟುಗಳು ಬರುತ್ತಿದ್ದವು. ಪ್ರೊಫೆಷನ್ ಯಾವುದೇ ಇದ್ದರೂ ನಡೆಯುತ್ತಿತ್ತು. ಅತಿ ಕಠಿಣ ಪ್ರದೇಶಗಳಿಗೆ ಹೊರಟ ತಂಡಗಳು ನೀನು ಮೆಸ್ಮರೋ ನೆಕ್ರೋಮ್ಯಾನ್ಸರೋ ಎಂದು ಕೇಳುವುದನ್ನೇ ಬಿಟ್ಟು ಉರ್ಸಾನ್ ಇದೆಯೇ ಎಂದಷ್ಟೇ ಕೇಳಲಾರಂಭಿಸಿದವು. ಘಟಪ್ರಭಾ ಅವರು ಹೇಳಿದ ಎರಡೂ ಅಂಕಗಳಲ್ಲಿ ಅದಕ್ಕೆ ಪೂರ್ಣ ಕೊಡಬೇಕಾಗುತ್ತಿತ್ತು, ಆದರೂ ಅದು ಆಟದ ವೈವಿಧ್ಯವನ್ನೇ ಹಾಳು ಮಾಡುತ್ತಿದೆ ಎಂದು ಅನೇಕರು ಬೇಸರಪಟ್ಟರು. 2008ರಲ್ಲಿ ಅರೀನಾನೆಟ್ ಅದನ್ನು ನರ್ಫ್ ಮಾಡಿತು, ಅಂದರೆ ಬಲ ಕುಗ್ಗಿಸಿತು. ಒಂದು ಅಪ್‌ಡೇಟ್‌ನಲ್ಲಿ ಅತ್ಯುತ್ತಮವಾಗಿದ್ದುದು ಸಾಮಾನ್ಯವಾಯಿತು, ಪುಟ ಬರೆದವರು ಒಂದಕ್ಷರವನ್ನೂ ಬದಲಿಸದೆ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಟೀಮ್ ಅರೀನಾ ಎಂಬ ತಂಡಗಳ ಕಾದಾಟದ ಅಖಾಡದ್ದು. 2009ರ ಅಕ್ಟೋಬರ್‌ನಲ್ಲಿ ಆ ಅಖಾಡವನ್ನೇ ಆಟದಿಂದ ತೆಗೆದು ಕೋಡೆಕ್ಸ್ ಅರೀನಾ ತಂದರು. ಆ ಅಖಾಡಕ್ಕೆಂದೇ ನಾಲ್ವರು ಕೂತು ಸ್ಕಿಲ್ ಸ್ಕಿಲ್ ಹೊಂದಿಸಿ ಕಟ್ಟಿದ ತಂಡದ ಬಿಲ್ಡ್‌ಗಳನ್ನು ಇಂದು ಪರೀಕ್ಷೆ ಮಾಡಲು ಜಾಗವೇ ಇಲ್ಲ. ಮತಕ್ಕೆ ಹಾಕಿದರೆ ಯಾರಾದರೂ ಏನೆಂದು ಹೇಳಬೇಕು?

ಪಿವಿಎಕ್ಸ್‌ವಿಕಿ ಇದಕ್ಕೆ ಕಂಡುಕೊಂಡ ದಾರಿ ನನಗೆ ಇಂದಿಗೂ ಮೆಚ್ಚುಗೆಯಾದುದು. ಒಮ್ಮೆ ಉತ್ತಮವೆನಿಸಿಕೊಂಡು ಅಪ್‌ಡೇಟ್‌ನಿಂದಾಗಿ ಕೆಲಸಕ್ಕೆ ಬಾರದಂತಾದ ಬಿಲ್ಡ್‌ಗಳನ್ನು ಅಳಿಸದೆ ಆರ್ಕೈವ್ ಎಂಬ ಪ್ರತ್ಯೇಕ ವರ್ಗಕ್ಕೆ ಸರಿಸಿದರು. ಹೊಸಬರ ದಾರಿಗೆ ಅಡ್ಡ ಬರುವುದಿಲ್ಲ, ಹುಡುಕುವವರಿಗೆ ಸಿಗುತ್ತದೆ. ನರ್ಫ್ ಆದ ಸ್ಕಿಲ್ ಮುಂದೊಮ್ಮೆ ಬಲ ಪಡೆದುಕೊಂಡರೆ ಮತ್ತೆ ಹೊರತೆಗೆಯಬಹುದು. ಒಂದು ಕಾಲದ ಆಟಗಾರರು ಹೇಗೆ ಯೋಚಿಸಿದರು ಎಂಬುದರ ದಾಖಲೆ ಆ ಪುಟಗಳ ಹೊರತು ಬೇರೆಲ್ಲಿಯೂ ಇಲ್ಲ. ಆಟವಂತೂ ತನ್ನ ಹಳೆಯ ರೂಪವನ್ನು ಉಳಿಸಿಕೊಳ್ಳುವುದಿಲ್ಲ. ನಿಮ್ಮ ಕಡತದಲ್ಲಿಯೂ ಕನ್ನಡದಲ್ಲಿ ಬರೆದ ಟಿಪ್ಪಣಿಗಳಿವೆ ಎಂದಿರಿ. ಅಂಥವನ್ನು ಗುಂಡಿ ಒತ್ತಿ ಅಳಿಸುವ ಮಾತು ಕೇಳಿದರೆ ಸಂಕಟವಾಗುತ್ತದೆ.

ತುಂಗಾತೀರ:

ಮೂವರಿಗೂ ಮನಃಪೂರ್ವಕ ವಂದನೆಗಳು. ಘಟಪ್ರಭಾ ಅವರೇ, ನಿಮ್ಮ ಅನುಮಾನ ನಿಜವಾಯಿತು. ಕೋಡ್ ಹಾಕಿ ನೋಡಿದವರನ್ನು ಕೇಳಿದೆ: ಅವರು ರೂನ್ ಬದಲಿಸಿಯೇ ಇರಲಿಲ್ಲ. ಪುಟದಲ್ಲಿಯೂ ರೂನ್‌ಗಳ ವಿಷಯ ಕೊನೆಯ ಸಾಲಿನಲ್ಲಿ ಎಲ್ಲೋ ಅಡಗಿಕೊಂಡಿತ್ತು.

ಇನ್ನೆರಡು ಸಂದೇಹಗಳಿವೆ. ನಮ್ಮದು ಚಿಕ್ಕ ಬಳಗ, ಎಲ್ಲರೂ ಪರಿಚಿತರು. ದಾಕ್ಷಿಣ್ಯಕ್ಕೆ ಬಿದ್ದು ಎಲ್ಲದಕ್ಕೂ ಐದು ಕೊಡುವವರಿದ್ದಾರೆ. ಎರಡನೆಯದು, ಹೀರೋ (ಕಂಪ್ಯೂಟರ್ ಆಡಿಸುವ ಜೊತೆಗಾರ) ಬಿಲ್ಡ್‌ಗಳದ್ದು. ಒಬ್ಬರು ತಾವು ಆಡಿ ಗೆದ್ದ ಬಿಲ್ಡ್ ಹಾಕುತ್ತಾರೆ, ಇನ್ನೊಬ್ಬರು ಅದನ್ನು ಹೀರೋಗೆ ಕೊಟ್ಟು ಸೋತು ಸೊನ್ನೆ ಹಾಕುತ್ತಾರೆ. ಯಾರನ್ನು ನಂಬುವುದು?

ಘಟಪ್ರಭಾ:

ಇಬ್ಬರನ್ನೂ ನಂಬಬಹುದು, ಅವರು ಪರೀಕ್ಷೆ ಮಾಡಿದ್ದು ಎರಡು ಬೇರೆ ಬಿಲ್ಡ್‌ಗಳನ್ನು ಎಂದು ತಿಳಿದುಕೊಂಡರೆ. 2006ರ ನೈಟ್‌ಫಾಲ್ ಎಂಬ ಆಟದ ಕಂತಿನಲ್ಲಿ ಹೀರೋಗಳು ಬಂದಾಗಿನಿಂದ ಸ್ಕಿಲ್ ಸಾಲನ್ನು ಆಟಗಾರನೇ ಹೊಂದಿಸಿ ಕಂಪ್ಯೂಟರ್ ಕೈಗೆ ಕೊಡುವ ಪದ್ಧತಿ ಬಂತು. ಮೊದಲು ಮೂರೇ ಹೀರೋಗಳಿಗೆ ಅವಕಾಶವಿದ್ದುದು 2011ರ ಮಾರ್ಚ್‌ನಲ್ಲಿ ಏಳಕ್ಕೆ ಏರಿತು. ಅಲ್ಲಿಂದ ಮುಂದೆ ಒಬ್ಬನೇ ಕೂತು ಇಡೀ ತಂಡ ಕಟ್ಟುವುದು ರೂಢಿಯಾಯಿತು. ಹೀರೋ ಮೆಸ್ಮರ್ ಶತ್ರುವಿನ ಮಂತ್ರವನ್ನು ಬಾಯಿಗೆ ಬರುವಷ್ಟರಲ್ಲಿ ತಡೆಯುತ್ತಾನೆ, ಮನುಷ್ಯನ ಬೆರಳಿಗೆ ಆ ವೇಗವಿಲ್ಲ. ಆದರೆ 55 ಮಾಂಕ್‌ನಂತೆ ಎಲ್ಲಿ ನಿಲ್ಲಬೇಕು, ಮಂತ್ರದ ಅವಧಿ ಮುಗಿಯುವ ಮುನ್ನ ಯಾವಾಗ ಮತ್ತೆ ಹಾಕಬೇಕು, ಯಾರನ್ನು ಕೆಣಕದೆ ಬಿಡಬೇಕು ಎಂಬ ವಿವೇಚನೆ ಬೇಡುವ ಬಿಲ್ಡ್‌ಗಳನ್ನು ಹೀರೋ ಕೆಡಿಸಿಬಿಡುತ್ತಾನೆ. ಆದ್ದರಿಂದ ಪುಟದ ತಲೆಯಲ್ಲಿಯೇ ಇದು ಮನುಷ್ಯನಿಗೋ ಹೀರೋಗೋ, ಯಾವ ಪ್ರದೇಶಕ್ಕೆ, ಯಾವ ಕೆಲಸಕ್ಕೆ ಎಂದು ಬರೆಯದ ಹೊರತು ಮತಕ್ಕೆ ಹಾಕಲೇಬೇಡಿ. ಹೇಳಿಕೆಯೇ ಇಲ್ಲದಿದ್ದರೆ ಅದು ಈಡೇರಿತೇ ಇಲ್ಲವೇ ಎಂದು ಅಳೆಯುವುದಾದರೂ ಹೇಗೆ?

ದಾಕ್ಷಿಣ್ಯದ ವಿಷಯಕ್ಕೆ ನನಗೆ ತಿಳಿದ ಒಂದೇ ಮದ್ದು ಪರೀಕ್ಷೆ. ಆಟದೊಳಗಿನ ಐಲ್ ಆಫ್ ದ ನೇಮ್‌ಲೆಸ್ ಎಂಬ ಅಭ್ಯಾಸದ ಜಾಗದಲ್ಲಿ ಮಾಸ್ಟರ್ ಆಫ್ ಡ್ಯಾಮೇಜ್ ಎಂಬ ಪಾತ್ರವಿದೆ. ಅದರ ಮೇಲೆ ದಾಳಿ ಮಾಡಿದರೆ ಎಷ್ಟು ಹಾನಿಯಾಯಿತೆಂದು ಅದೇ ಹೇಳುತ್ತದೆ. ಏಟಿನ ಬಲವನ್ನೇ ನೆಚ್ಚಿದ ಬಿಲ್ಡ್‌ಗಳಿಗೆ ಅಲ್ಲಿನ ಸಂಖ್ಯೆಯನ್ನು ಮತದ ಪಕ್ಕದಲ್ಲಿ ಬರೆಯಲಿ. ಹೀಲಿಂಗ್, ತಡೆ, ರಕ್ಷಣೆಯ ಬಿಲ್ಡ್‌ಗಳಿಗೆ ಆ ಸಂಖ್ಯೆ ಉಪಯೋಗಕ್ಕೆ ಬಾರದು, ಅವುಗಳನ್ನು ಪುಟದಲ್ಲಿ ಹೆಸರಿಸಿದ ಪ್ರದೇಶಕ್ಕೇ ಹೋಗಿ ನೋಡಬೇಕು. ಎಲ್ಲಿಗೆ ಹೋದೆ, ಹಾರ್ಡ್ ಮೋಡ್‌ನಲ್ಲೋ (ಶತ್ರುಗಳು ಹೆಚ್ಚು ಬಲಶಾಲಿಯಾಗಿರುವ ಮೋಡ್) ಸಾಮಾನ್ಯ ಮೋಡ್‌ನಲ್ಲೋ, ಏನಾಯಿತು ಎಂದು ಎರಡು ಸಾಲು ಬರೆಯದ ಮತವನ್ನು, ಅದು ಐದಿರಲಿ ಸೊನ್ನೆಯಿರಲಿ, ಲೆಕ್ಕಕ್ಕೆ ಹಿಡಿಯಬೇಡಿ. ಗೆಳೆತನಕ್ಕಾಗಿ ಐದು ಕೊಡುವವರಿಗೆ ಎರಡು ಸಾಲು ಸುಳ್ಳು ಬರೆಯಲು ಮನಸ್ಸು ಬರುವುದಿಲ್ಲ.

ನೇತ್ರಾವತಿ:

ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ಸೇರಿಸುತ್ತೇನೆ: ಕಡಿಮೆ ಅಂಕ ಬಂದ ಕೂಡಲೇ ತೆಗೆಯದೆ, ಬರೆದವರಿಗೆ ತಿದ್ದಲು ಎರಡು ವಾರವಾದರೂ ಕೊಡಿ. ಎಷ್ಟೋ ಬಿಲ್ಡ್‌ಗಳಲ್ಲಿ ದೋಷವಿರುವುದು ಎಂಟರಲ್ಲಿ ಒಂದು ಸ್ಕಿಲ್‌ನಲ್ಲಿ ಮಾತ್ರ. ತಿದ್ದಿದ ಮೇಲೆ ಹಳೆಯ ಮತಗಳನ್ನು ರದ್ದು ಮಾಡಿ ಹೊಸದಾಗಿ ಕೇಳಬೇಕು, ಇಲ್ಲವಾದರೆ ಈಗ ಇಲ್ಲದ ದೋಷಕ್ಕೆ ಶಿಕ್ಷೆಯಾಗುತ್ತದೆ. ಸಹ್ಯಾದ್ರಿ ಅವರು ಹೇಳಿದ ಆರ್ಕೈವ್ ಬೇಕು, ಆದರೆ ಒಂದು ಕಾಲದಲ್ಲಾದರೂ ಕೆಲಸ ಮಾಡಿದ್ದವಕ್ಕೆ ಮಾತ್ರ. ಮೆಂಡಿಂಗ್ ವಾರಿಯರ್‌ಗೆ ಅಲ್ಲಿಯೂ ಜಾಗ ಕೊಡುವುದನ್ನು ನಾನು ಒಪ್ಪಲಾರೆ.

ಸಹ್ಯಾದ್ರಿ:

ಅಷ್ಟಕ್ಕೆ ನನ್ನ ತಕರಾರಿಲ್ಲ. ಆರ್ಕೈವ್‌ಗೆ ಸರಿಸುವಾಗ ಯಾವ ಅಪ್‌ಡೇಟ್‌ನಿಂದ, ಯಾವ ಸ್ಕಿಲ್‌ನಲ್ಲಿ ಏನು ಬದಲಾಯಿತು ಎಂಬುದನ್ನು ಪುಟದ ಮೇಲ್ಭಾಗದಲ್ಲಿ ಬರೆಯಿರಿ. 2008ರಿಂದ ಹಲವು ಸ್ಕಿಲ್‌ಗಳು ಪಿವಿಇಗೆ (ಕಂಪ್ಯೂಟರ್ ಶತ್ರುಗಳೊಂದಿಗಿನ ಆಟಕ್ಕೆ) ಒಂದು ರೀತಿ, ಪಿವಿಪಿಗೆ (ಆಟಗಾರರ ನಡುವಿನ ಕಾದಾಟಕ್ಕೆ) ಇನ್ನೊಂದು ರೀತಿ ಕೆಲಸ ಮಾಡುತ್ತವೆ. ಒಂದು ಕಡೆ ಸತ್ತ ಬಿಲ್ಡ್ ಇನ್ನೊಂದು ಕಡೆ ಬದುಕಿರಬಹುದು.

ತುಂಗಾತೀರ:

ಬಳಗದಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹಳೆಯ ಮತಗಳನ್ನು ಕೈಬಿಟ್ಟಿದ್ದೇವೆ. 55 ಮಾಂಕ್ ಪುಟದ ಮೊದಲ ಸಾಲು ಈಗ ಹೀಗಿದೆ: ‘ಮನುಷ್ಯ ಆಟಗಾರನಿಗೆ ಮಾತ್ರ. ಒಬ್ಬಂಟಿ ಸಂಗ್ರಹಕ್ಕೆ. ಐದು ಸುಪೀರಿಯರ್ ರೂನ್ ಮತ್ತು ಹೆಲ್ತ್ 50 ಇಳಿಸುವ ಆಫ್‌ಹ್ಯಾಂಡ್ ಇಲ್ಲದೆ ಕೋಡ್ ಬಳಸಬೇಡಿ. ಎನ್‌ಚಾಂಟ್‌ಮೆಂಟ್ ತೆಗೆಯುವ ಶತ್ರುಗಳಿರುವಲ್ಲಿ ನಡೆಯದು.’ ಬರೆದವರೇ ಒಪ್ಪಿ ತಿದ್ದಿದ್ದಾರೆ. ಅಂಕಕ್ಕೆ ಎರಡು ಖಾನೆ, ಕಾರಣಕ್ಕೆ ಒಂದು ಖಾನೆ ಮಾಡಿದ್ದೇವೆ. ಹೀರೋ ಬಿಲ್ಡ್‌ಗಳನ್ನು ಬೇರೆ ಹಾಳೆಗೆ ಸರಿಸುವ ಕೆಲಸ ನಡೆಯುತ್ತಿದೆ. ಪಿವಿಪಿ ಪುಟಗಳನ್ನು ಪರೀಕ್ಷಿಸುವಷ್ಟು ಜನ ನಮ್ಮಲ್ಲಿಲ್ಲ. ಈ ಮೂವರಲ್ಲಿ ಯಾರಿಗಾದರೂ ಬಿಡುವಿದ್ದರೆ ಶನಿವಾರ ರಾತ್ರಿ ನಮ್ಮೊಂದಿಗೆ ಸೇರಿಕೊಳ್ಳಬಹುದೇ?